ಶಾಂತಾ ಅತ್ತೆಯ ನಕಾಶೆ

ನಮ್ಮ ಮನೆಯ ಜೋಳದ ರೊಟ್ಟಿಯ ಅಂಚಿಗೆ ಒಮ್ಮೊಮ್ಮೆ ನೀಲಿ ಬೆರಳಚ್ಚು ಇರುತ್ತಿತ್ತು. ಅವ್ವ ಬೂದಿ ಹಾಕಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯಿಂದ ಆ ಬಣ್ಣ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಬುತ್ತಿ ಬಿಚ್ಚಿದರೆ ಜೊತೆಯ ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು, ನಾನು ರೊಟ್ಟಿ ಬಿಟ್ಟು ಜಗಳಕ್ಕೆ ನಿಲ್ಲುತ್ತಿದ್ದೆ. ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಮುಂದಿನ ಖೋಲಿಯೇ ಅಪ್ಪನ ಅಂಗಡಿ. ದೇವರ ಪಟ, ಲಗ್ನದ ಫೋಟೊ, ಸತ್ತವರ ಫೋಟೊ, ಮೆಟ್ರಿಕ್ ಪಾಸಾದವರ ಸರ್ಟಿಫಿಕೇಟು, ಎಲ್ಲಕ್ಕೂ ಅಪ್ಪ ಕಟ್ಟು ಹಾಕಿ ಗಾಜು ಕೂಡಿಸಿ ಕೊಡುತ್ತಿದ್ದ. ಆದರೆ ನಮ್ಮ ಮನೆಗೆ ಹೆಸರು ಬಂದದ್ದು ಹಳೆಯ ನಕಾಶೆಗಳಿಂದ. ನಾರಾಯಣಖೇಡದ ತೊಗರಿ ದಲಾಲರು, ತಾಂಡೂರಿನ ಕಲ್ಲಿನ ವ್ಯಾಪಾರಿಗಳು, ಮುಪ್ಪಿನ ಉರ್ದು ಮಾಸ್ತರರು ನಕಾಶೆಗಾಗಿಯೇ ನಮ್ಮ ಗಲ್ಲಿ ಹುಡುಕಿಕೊಂಡು ಬರುತ್ತಿದ್ದರು.

ನಿಜಾಮರ ಕಾಲದಲ್ಲಿ ಜಹೀರಾಬಾದು ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗದಲ್ಲಿತ್ತು. ಭಾಷೆ ನೋಡಿ ರಾಜ್ಯ ಹಂಚಿದಾಗ ಬೀದರ, ಗುಲಬರ್ಗ ಮೈಸೂರಿನ ಕಡೆಗೆ ಹೋದವು, ನಾವು ಆಂಧ್ರಕ್ಕೆ ಬಂದೆವು. ನಾವು ಬಂದೆವು ಎಂದರೂ ತಪ್ಪೇ, ನಾವು ಎಲ್ಲಿಗೂ ಹೋಗಲಿಲ್ಲ, ಬರಲಿಲ್ಲ. ಇದ್ದ ಓಣಿಯಲ್ಲೇ ಇದ್ದೆವು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಗಾಜು ಕೊಳ್ಳುವಾಗ ದಖ್ಖನಿ ಉರ್ದು, ಅದರಲ್ಲೂ ಏನೂ ಬದಲಾಗಲಿಲ್ಲ. ಬದಲಾದದ್ದು ಒಂದೇ, ಬೀಗರ ಊರುಗಳು ಬೇರೆ ರಾಜ್ಯವಾದವು. ನಮ್ಮ ಕಡೆ ಮನೆಮನೆಯಿಂದಲೂ ಹೆಣ್ಣು ಆ ಕಡೆಗೆ ಹೋಗಿರುತ್ತಿತ್ತು, ಇಲ್ಲವೆ ಆ ಕಡೆಯಿಂದ ಬಂದಿರುತ್ತಿತ್ತು. ಗಡಿ ಎಳೆಯುವಾಗ ಆ ಹೆಣ್ಣುಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಅಪ್ಪನ ಹತ್ತಿರ ಹಳೆಯ ಬೀದರ ಜಿಲ್ಲೆಯ ಅಚ್ಚಿನ ನಕಾಶೆಯೊಂದು ಇತ್ತು. ಅದನ್ನು ಅವನು ತೆಳ್ಳನೆಯ ಟ್ರೇಸಿಂಗ್ ಬಟ್ಟೆಯ ಮೇಲೆ ಕಪ್ಪು ಶಾಯಿಯಲ್ಲಿ ಇಳಿಸಿಕೊಂಡಿದ್ದ. ಬರೀ ಗೆರೆ, ನದಿ ಮತ್ತು ಊರಿನ ಚುಕ್ಕೆ. ಹೆಸರು ಮಾತ್ರ ಒಂದೂ ಬರೆದಿರಲಿಲ್ಲ, ಯಾಕೆಂದರೆ ಗಿರಾಕಿ ಬಂದು ತನಗೆ ಯಾವ ಅಕ್ಷರ ಬೇಕು ಎನ್ನುತ್ತಾನೋ ಆಮೇಲೆ ಅದರಲ್ಲಿ ಬರೆಯುವುದು ನಮ್ಮ ಪದ್ಧತಿ. ಮಾಳಿಗೆಯ ಮೇಲೆ ತಾಂಡೂರಿನ ನುಣುಪು ಕಲ್ಲಿನ ಹಾಸು, ಅದರ ಮೇಲೆ ಅಜ್ಜಿಯ ಕರಿ ಕಂಬಳಿ, ಕಂಬಳಿಯ ಮೇಲೆ ಹೈದರಾಬಾದಿನಿಂದ ತರಿಸಿದ ರಾಸಾಯನಿಕ ಮಸಾಲೆ ಹಚ್ಚಿದ ಕಾಗದ, ಅದರ ಮೇಲೆ ಟ್ರೇಸಿಂಗ್ ಬಟ್ಟೆ, ಎಲ್ಲದರ ಮೇಲೆ ಭಾರವಾದ ಗಾಜು. ಬಿಸಿಲು ಬಿದ್ದಲ್ಲಿ ಕಾಗದ ನೀಲಿಯಾಗುತ್ತಿತ್ತು, ಬಟ್ಟೆಯ ಮೇಲೆ ಶಾಯಿ ಇದ್ದಲ್ಲಿ ಬಿಳಿ ಉಳಿಯುತ್ತಿತ್ತು. ಅವ್ವ ಅದನ್ನು ತಗ್ಗು ತೊಟ್ಟಿಯ ನೀರಲ್ಲಿ ಅಲ್ಲಾಡಿಸಿ ತೊಳೆದು ಸೀರೆ ಒಣಗಿಸುವ ಹಗ್ಗಕ್ಕೆ ಹಾಕುತ್ತಿದ್ದಳು. ಒಣಗಿದ ಮೇಲೆ ಗಂಜಿ ಹಚ್ಚಿ ದಪ್ಪ ರಟ್ಟಿಗೆ ಅಂಟಿಸುವುದೂ ಅವಳದೇ ಕೆಲಸ. ಊರಿನ ಜನ ಮಾತ್ರ ಎಲ್ಲರೂ ಅಪ್ಪನನ್ನೇ ನಕಾಶೆಯವರು ಎಂದು ಕರೆಯುತ್ತಿದ್ದರು. ಅವ್ವ ಅದಕ್ಕೆ ತಲೆ ಕೆಡಿಸಿಕೊಂಡದ್ದನ್ನು ನಾನು ನೋಡಲಿಲ್ಲ, ನಾನೇ ಕೆಡಿಸಿಕೊಳ್ಳುತ್ತಿದ್ದೆ.

ಹೆಸರು ಬರೆಯುವವಳು ಶಾಂತಾ ಅತ್ತೆ, ಅಪ್ಪನ ತಂಗಿ. ನಡುವಿನ ಖೋಲಿಯ ಕಿಟಕಿಗೆ ಬೆನ್ನು ಹಾಕಿ, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ಸಫೇದಾ ಎಂಬ ಬಿಳಿ ಬಣ್ಣದಲ್ಲಿ ಸಣ್ಣ ಕುಂಚ ಅದ್ದಿ ನೀಲಿಯ ಮೇಲೆ ಬಿಳಿ ಅಕ್ಷರ ಬರೆಯುತ್ತಿದ್ದಳು. ಕನ್ನಡ, ತೆಲುಗು ಅವಳು ಶಾಲೆಯಲ್ಲಿ ಕಲಿತದ್ದು, ಉರ್ದು ಅಪ್ಪ ಕಲಿಸಿದ್ದು. ಬರೆಯುವಾಗ ಊರಿನ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು, ಝರಾಸಂಗಂ, ನ್ಯಾಲ್ಕಲ್, ಹುಮನಾಬಾದ್, ಭಾಲ್ಕಿ, ಔರಾದ್. ಯಾವ ಊರಿಗೂ ಅವಳು ಹೋಗಿರಲಿಲ್ಲ, ಝರಾಸಂಗಂ ಒಂದು ಬಿಟ್ಟು. ಅಲ್ಲಿ ನಮ್ಮ ಅಜ್ಜಿ ಕುರಿ ಇಟ್ಟುಕೊಂಡು ಇದ್ದಳು. ಭೂಗೋಳವನ್ನು ನಾನು ಪುಸ್ತಕದಿಂದ ಕಲಿತವಳಲ್ಲ, ಅತ್ತೆಯ ಬಾಯಿಂದ ಕಲಿತವಳು.

ಇನ್ನೊಂದು ಪದ್ಧತಿ ನಮ್ಮ ಮನೆಯಿಂದಲೇ ಹುಟ್ಟಿತು, ಅದನ್ನು ಹುಟ್ಟಿಸಿದವಳು ಅವ್ವ. ಅವಳ ತವರು ನಾರಾಯಣಖೇಡದ ಹತ್ತಿರದ ಹಳ್ಳಿ. ತನ್ನ ತಂಗಿಯನ್ನು ಔರಾದಿಗೆ ಕೊಟ್ಟಾಗ ಅವಳು ಆಯೇರಿಯ ಉಡುಗೊರೆಗಳ ಜೊತೆ ಒಂದು ಕಟ್ಟು ಹಾಕಿದ ನಕಾಶೆ ಕಳಿಸಿದಳು. ಹಳೆಯ ನಕಾಶೆಯಲ್ಲಿ ಎರಡೂ ಊರು ಒಂದೇ ಗೆರೆಯೊಳಗೆ ಇದ್ದವಲ್ಲ. ಮದುಮಗಳು ಅತ್ತೆಮನೆಗೆ ಹೋದ ದಿನ ತನ್ನ ಕೈಯಿಂದಲೇ ಗಾಜಿನ ಮೇಲೆ ತವರಿಗೆ ಒಂದು, ಗಂಡನ ಊರಿಗೆ ಒಂದು ಕುಂಕುಮದ ಬೊಟ್ಟು ಇಟ್ಟು ಗೋಡೆಗೆ ಹಾಕಬೇಕು. ಲಗ್ನಕ್ಕೆ ಬಂದವರು ನೋಡಿದರು, ಹೌದಲ್ಲ ಎಂದರು. ಆಮೇಲೆ ಗಡಿಯಾಚೆ ಹೆಣ್ಣು ಕೊಡುವ ಯಾರೇ ಆಗಲಿ, ತೊಟ್ಟಿಲು ತಾಮ್ರದ ಕೊಡದ ಜೊತೆ ಇದನ್ನೂ ಕೊಡತೊಡಗಿದರು. ಲಗ್ನದ ಕಾಲದಲ್ಲಿ ನಮ್ಮ ಹಗ್ಗದ ಮೇಲೆ ಸೀರೆ ಒಣಗಿಸಲು ಜಾಗ ಇರುತ್ತಿರಲಿಲ್ಲ. ಎಷ್ಟು ಹುಡುಗಿಯರ ತವರನ್ನು ಅತ್ತೆ ಬರೆದಳೋ ಲೆಕ್ಕವಿಲ್ಲ, ಕೊನೆಗೆ ಅವಳಿಗೂ ಭಾಲ್ಕಿ ಕಡೆಯ ಗಂಡು ಗೊತ್ತಾಯಿತು.

ಅದೇ ವರ್ಷ ಪ್ರತ್ಯೇಕ ತೆಲಂಗಾಣದ ಮೊದಲ ಚಳವಳಿ ಎದ್ದಿತು. ಚಳವಳಿಯ ಸಿಟ್ಟು ಖರೆಯ ಸಿಟ್ಟು, ನಾನು ಅದರ ಬಗ್ಗೆ ಇಂದಿಗೂ ಎರಡು ಮಾತಾಡುವುದಿಲ್ಲ. ನಮ್ಮ ಹುಡುಗರು ಓದಿ ಕೂತಿದ್ದರು, ನೌಕರಿ ಕರಾವಳಿ ಆಂಧ್ರದವರ ಪಾಲಾಗಿತ್ತು. ಶಾಲೆ ಮುಚ್ಚಿದವು, ಬಸ್ಸು ನಿಂತವು, ನಾನೂ ಗಲ್ಲಿಯ ಹುಡುಗಿಯರ ಜೊತೆ ಗಂಟಲು ಹರಿಯುವಂತೆ ಜೈ ತೆಲಂಗಾಣ ಎಂದು ಕೂಗಿದೆ. ನನ್ನ ಸಿಟ್ಟು ಇರುವುದು ಬೀದಿಯ ಚಳವಳಿಯ ಮೇಲೆ ಅಲ್ಲ, ಅದನ್ನು ನೆವ ಮಾಡಿಕೊಂಡು ನಮ್ಮ ಮನೆಯೊಳಗೆ ಗಂಡಸರು ನಡೆಸಿದ ಕಾರುಬಾರಿನ ಮೇಲೆ. ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು, ಚಳವಳಿಯ ಸಮಿತಿಯಲ್ಲಿ ಸೇರಿಕೊಂಡ. ಸೇರಿದ ದಿನದಿಂದ ಅವನ ದನಿ ಒಂದು ಸುತ್ತು ದಪ್ಪವಾಯಿತು. ಊಟಕ್ಕೆ ಕೂತರೆ ತಾಟಿನ ಮುಂದೆಯೇ ಭಾಷಣ ಶುರು, ಅವ್ವ ಬಡಿಸಿದ ಪುಂಡಿಪಲ್ಯ ಆರಿ ಹೋಗುತ್ತಿತ್ತು. ಒಂದು ಮಧ್ಯಾಹ್ನ ಅವನು ಊಟ ಬಿಟ್ಟು ಗೋಡೆಗೆ ಒರಗಿಸಿದ್ದ ನಕಾಶೆಗಳನ್ನು ನೋಡಿ ಅಪ್ಪನಿಗೆ ಗಂಟುಬಿದ್ದ.

“ಇದೇನ್ ಹಚ್ಚೀದಿ ನೀ? ಜಹೀರಾಬಾದ್ ಬೀದರದಾಗ ತೋರಸ್ಲಾಕತ್ತಿದಿ. ನಾಳಿ ಮೈಸೂರಿನಾವ್ರು ಬಂದು ಇದು ನಮ್ದು ಅಂದ್ರ?”

“ಅಣ್ಣ, ಇದು ಹಳೀ ನಕಾಶ. ಆಗಿನ ಕಾಲದ್ದು. ಗ್ವಾಡಿಗಿ ಹಾಕ್ಲಾಕ ಒಯ್ತಾರ, ಅಷ್ಟೇ,” ಎಂದ ಅಪ್ಪ.

“ಸಮಿತಿಯೊಳಗ ನನಗ ಕೇಳ್ಲಾಕತ್ತಾರ. ನಿಮ್ಮ ತಮ್ಮ ಯಾವ ಕಡೀಂವ ಅಂತ. ನಾ ಮಾರಿ ಎಲ್ಲಿ ಇಟ್ಕೊಳ್ಲಿ?”

ಅವ್ವ ಒಲೆಯ ಮುಂದಿಂದಲೇ, ಅವನ ಮುಖ ನೋಡದೆ ಹೇಳಿದಳು:

“ಭಾವಾರ, ಹೆಣ್ಣಮಕ್ಕಳ ತವರು ಅದರಾಗ ಅದರಿ. ಮೈಸೂರೂ ಇಲ್ಲ, ಆಂಧ್ರಾನೂ ಇಲ್ಲ.”

ಹೆಂಗಸರು ಆಡಿದ ಮಾತಿಗೆ ಗಂಡಸರತ್ತ ತಿರುಗಿ ಉತ್ತರ ಕೊಡುವುದು ದೊಡ್ಡಪ್ಪನ ರೂಢಿ, ಅವತ್ತು ಅದನ್ನೂ ಮಾಡದೆ ಕೈ ತೊಳೆದು ಎದ್ದ. ಮರುದಿನ ಅಪ್ಪ ಗಾಜು ತರಲು ಹೋಗಿದ್ದ, ಅವ್ವ ಮತ್ತು ಅತ್ತೆ ಮಾಳಿಗೆಯ ಮೇಲೆ ಹಪ್ಪಳ ಹಾಕುತ್ತಿದ್ದರು. ದೊಡ್ಡಪ್ಪ ಅಂಗಡಿಗೆ ಬಂದು ಅಪ್ಪನ ದೊಡ್ಡ ಕತ್ತರಿ ತೆಗೆದುಕೊಂಡ. ಸಮಿತಿಯ ಆಫೀಸಿನ ಗೋಡೆಗೆ ನಮ್ಮ ಎರಡು ತಾಲೂಕು ಮಾತ್ರ ಇರುವ ನಕಾಶೆ ಒಯ್ಯುವುದು ಅವನ ವಿಚಾರವಾಗಿತ್ತಂತೆ. ಕಟ್ಟು ಹಾಕಿದ ನಕಾಶೆಗಳಿಗೆ ಗಾಜು ಇತ್ತು. ಹೆಸರು ಬರೆದ ಬಿಡಿ ಕಾಗದಗಳು ಗಿರಾಕಿಯವು, ಅವನ್ನು ಮುಟ್ಟಿದರೆ ಅಪ್ಪ ಸುಮ್ಮನಿರುವುದಿಲ್ಲ ಎಂದು ಅವನಿಗೂ ಗೊತ್ತು. ಹೀಗಾಗಿ ಒಂದು ಅಕ್ಷರವೂ ಇಲ್ಲದೆ ಸುತ್ತಿ ಇಟ್ಟಿದ್ದ ಟ್ರೇಸಿಂಗ್ ಬಟ್ಟೆಯನ್ನು ರದ್ದಿ ಎಂದು ತಿಳಿದು ಬಿಚ್ಚಿದ. ಅದನ್ನು ಈಗಿನ ಬೀದರದ ಗಡಿ ಹಿಡಿದು, ಮಾಂಜ್ರಾ ನದಿಯನ್ನೂ ಸೀಳಿ, ಎರಡು ಮಾಡಿದ. ನಾನು ಬಾಗಿಲಲ್ಲಿ ನಿಂತು ಚೀರಿದ್ದಕ್ಕೆ ಅವ್ವ ಕೆಳಗೆ ಓಡಿ ಬಂದಳು.

“ಏನ್ ಮಾಡಿದ್ರಿ ಇದು! ಇದು ತಾಯಿ ನಕಾಶ ಅದ. ಎಲ್ಲಾ ಇದರಿಂದಾನೇ ಇಳೀತಾವ!”

“ಹೆಸರಿಲ್ಲ ಏನಿಲ್ಲ, ರದ್ದಿ ಅಂತ ಮಾಡಿದ್ದೆ,” ಎಂದ ದೊಡ್ಡಪ್ಪ. “ಅಂಟಸಿದ್ರ ಆತು. ಇಷ್ಟಕ್ಕ್ಯಾಕ ಒದರ್ತಿ?”

ಅಂಟಿಸಿದರೆ ಆಯಿತು! ಈ ಮಾತು ನೆನಪಾದರೆ ನನಗೆ ಇಂದಿಗೂ ಮೈಯೆಲ್ಲ ಉರಿಯುತ್ತದೆ. ಒಂದು ಸಲವೂ ಗಂಜಿಗೆ ಕೈ ಹಾಕದವನು, ಬಿಸಿಲಿಗೆ ಕೂತು ಗಾಜು ಕಾಯದವನು ಹೇಳಿದ ಮಾತು ಅದು. ಅಚ್ಚಿನ ಮೂಲ ನಕಾಶೆಯನ್ನು ಅಷ್ಟರಲ್ಲಿ ಗೆದ್ದಲು ತಿಂದು ಜರಡಿ ಮಾಡಿತ್ತು, ಅದರಿಂದ ಹೊಸದಾಗಿ ಇಳಿಸಿಕೊಳ್ಳುವ ಹಾಗೂ ಇರಲಿಲ್ಲ. ಅವ್ವ ತೆಳ್ಳನೆಯ ಮಲ್‌ಮಲ್ ಪಟ್ಟಿಗೆ ಗಂಜಿ ಹಚ್ಚಿ, ಉಸಿರು ಬಿಗಿಹಿಡಿದು, ಎರಡು ಹೋಳುಗಳನ್ನು ಹಿಂದಿನಿಂದ ಕೂಡಿಸಿದಳು. ನದಿಗೆ ನದಿ ಸರಿಯಾಗಿ ಕೂಡಿತು. ಕೈಯಲ್ಲಿ ಹಿಡಿದು ನೋಡಿದರೆ ಕತ್ತರಿಸಿದ್ದೇ ಗೊತ್ತಾಗದಂತಿತ್ತು. ಅಪ್ಪ ಸಮಾಧಾನದ ಉಸಿರು ಬಿಟ್ಟು ಕಾಗದ ಹಾಸಿ ಬಿಸಿಲಿಗೆ ಇಟ್ಟ. ಅವ್ವ ತೊಟ್ಟಿಯ ನೀರಲ್ಲಿ ತೊಳೆದು ಎತ್ತಿದಾಗ ಎಲ್ಲರೂ ನೋಡಿದೆವು. ಪಟ್ಟಿ ಇದ್ದಲ್ಲಿ ಬಿಸಿಲು ದಾಟಿರಲಿಲ್ಲ, ಹಳೆಯ ಬೀದರ ಜಿಲ್ಲೆಯ ನಡುವೆ ಈಗಿನ ಗಡಿ ಬೆರಳಗಲ ಬೆಳ್ಳಗೆ ಮೂಡಿತ್ತು. ಇನ್ನೊಂದು ಹಾಕಿದರು, ಅದರಲ್ಲೂ ಮೂಡಿತು. ಇನ್ನು ಮೇಲೆ ನಮ್ಮ ಮನೆಯಿಂದ ಹೋಗುವ ಪ್ರತಿಯೊಂದು ನಕಾಶೆಯೂ ಹೀಗೆಯೇ ಎಂದು ಎಲ್ಲರಿಗೂ ಅರ್ಥವಾಯಿತು. ಅಪ್ಪ ಕೆಳಗೆ ಇಳಿದು ಹೋದ.

ಶಾಂತಾ ಅತ್ತೆ ಅಳಲಿಲ್ಲ, ಬೈಯಲಿಲ್ಲ. ತೊಳೆದ ಪ್ರತಿಗಳಲ್ಲಿ ಒಂದನ್ನು ತೆಗೆದುಕೊಂಡು, ನೀಲಿ ಪುಡಿಯನ್ನು ಬೇರೆ ಬೇರೆ ಹದದಲ್ಲಿ ಕಲಸಿ ಹರಕು ಕಾಗದದ ಮೇಲೆ ಹಚ್ಚಿ ಒಣಗಿಸಿ ನೋಡತೊಡಗಿದಳು. ಬಿಸಿಲು ಮಾಡಿದ ನೀಲಿಗೂ ಕೈಯಿಂದ ಹಚ್ಚಿದ ನೀಲಿಗೂ ಫರಕು ಇದ್ದೇ ಇರುತ್ತದೆ. ಕೊನೆಗೆ ಸ್ವಲ್ಪ ದೀಪದ ಕಾಡಿಗೆ ಬೆರೆಸಿದಾಗ ಬಣ್ಣ ಕೂಡಿತು. ಆ ಬಿಳಿ ಗೆರೆಯನ್ನು ಅವಳು ಸಲಕ್ಕೆ ಗೋಧಿಕಾಳಿನಷ್ಟೇ ಮುಚ್ಚುತ್ತ ಹೋದಳು. ನದಿ ದಾಟುವಲ್ಲಿ ಮಾತ್ರ ಬಿಳಿಯನ್ನು ನದಿಯ ಅಗಲದಷ್ಟೇ ಬಿಟ್ಟಳು. ಆಮೇಲೆ ಎಲ್ಲ ಊರಿನ ಹೆಸರು ಕನ್ನಡದಲ್ಲಿ ಬರೆದಳು. ಬಂದು ನೋಡಿದ ಅಪ್ಪನ ಕಣ್ಣು ತುಂಬಿದವು. ಇದಕ್ಕೆ ಸಾಗವಾನಿ ಕಟ್ಟು ಹಾಕುತ್ತೇನೆ, ಇದೇ ನಿನ್ನ ಲಗ್ನದ ನಕಾಶೆ ಎಂದು ಅವನೇ ಬಾಯಿಬಿಟ್ಟು ಹೇಳಿದ. ನಾನು ಅಲ್ಲೇ ಇದ್ದೆ, ನನ್ನ ಕಿವಿಯಿಂದ ಕೇಳಿದ್ದೇನೆ.

ನಿಶ್ಚಯದ ದಿನ ಹತ್ತಿರ ಬಂದಾಗ ಭಾಲ್ಕಿಯಿಂದ ಗಂಡಿನ ತಂದೆ ಹೇಳಿ ಕಳಿಸಿದರು. ಅವರಿಗೆ ನಮ್ಮ ಕಡೆಯ ಗದ್ದಲದ ಭಯ. ಹುಡುಗಿಯನ್ನು ತವರಿಗೆ ಕಳಿಸುವುದು, ಕರೆಸುವುದು ಇನ್ನು ಆಗುವ ಮಾತಲ್ಲ, ಈಗಲೇ ಮಾತು ಪಕ್ಕಾ ಇರಲಿ ಎಂದರು. ನಕಾಶೆ ಕೊಡುವ ಪದ್ಧತಿ ನಿಮ್ಮದು ಇದ್ದರೆ ಕೊಡಿ, ಆದರೆ ನಮ್ಮ ಬೀದರದ್ದಷ್ಟೇ ಇರಲಿ, ಆ ಕಡೆಯ ಊರು ನಮ್ಮ ಗೋಡೆಯ ಮೇಲೆ ಯಾಕೆ ಎಂದೂ ಹೇಳಿಸಿದರು. ದೊಡ್ಡಪ್ಪನಿಗೆ ಇದು ಹಾಲು ಕುಡಿದಷ್ಟು ಖುಷಿಯಾಯಿತು. ಅವನಿಗೆ ಈ ಕಡೆಯ ಹೋಳು ಬೇಕಿತ್ತು, ಅವರಿಗೆ ಆ ಕಡೆಯ ಹೋಳು. ಜಗಳವಾಡಬೇಕಾದ ಎರಡು ಪಕ್ಷಗಳು ನಮ್ಮ ಮನೆಯ ಹೆಣ್ಣಿನ ವಿಷಯದಲ್ಲಿ ಎಷ್ಟು ಚಂದ ಒಂದಾದವು ನೋಡಿ! ಅಪ್ಪನಿಗೆ ಸಂಬಂಧ ಕೈತಪ್ಪುವ ಹೆದರಿಕೆ. ಅವನು ಗಂಜಿಯ ಪಟ್ಟಿಯನ್ನು ನೀರು ಹಚ್ಚಿ ಬಿಡಿಸಿ, ಬೀದರದ ಹೋಳಿನಿಂದ ಒಂದು ಪ್ರತಿ ಇಳಿಸಿ, ಹೆಸರು ತಾನೇ ಬರೆದು, ಅತ್ತೆಯ ನಕಾಶೆಗೆ ಮಾಡಿದ್ದ ಅದೇ ಸಾಗವಾನಿ ಕಟ್ಟಿನೊಳಗೆ ಕೂಡಿಸಿದ. ಅತ್ತೆಗೆ ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ. ಇಬ್ಬರೂ ಹೋಳಿಗೆಯ ಹೂರಣ ರುಬ್ಬುತ್ತಿದ್ದರು.

ಬೀಗರು ಬಂದರು. ನಡುವಿನ ಖೋಲಿಯಲ್ಲಿ ಜಮಖಾನೆ ಹಾಸಿತ್ತು. ಗಂಡಿನ ತಂದೆ ದೊಡ್ಡ ರುಮಾಲಿನ ಗಂಭೀರ ಮನುಷ್ಯ, ಗಂಡು ಬೆಳ್ಳನೆಯ ಅಂಗಿ ಹಾಕಿದ ಸೌಮ್ಯ ಮುಖದವನು. ಅವನನ್ನು ಕೆಟ್ಟವನೆಂದು ನಾನು ಹೇಳಲಾರೆ. ಅತ್ತೆಗೂ ಅವನು ಮನಸ್ಸಿಗೆ ಬಂದಿದ್ದ, ಹಿಂದೊಮ್ಮೆ ನೋಡಲು ಬಂದು ಹೋದ ಮೇಲೆ ಅವಳು ಭಾಲ್ಕಿಯ ಹೆಸರು ಬರೆಯುವಾಗ ಕುಂಚ ನಿಲ್ಲಿಸಿ ನಗುತ್ತಿದ್ದಳು. ಸಕ್ಕರೆ ಹಂಚಿ ಆಯಿತು, ಉಡಿ ತುಂಬುವ ಮುಂಚೆ ದೊಡ್ಡಪ್ಪ ಅರಿವೆ ಸುತ್ತಿದ ಕಟ್ಟನ್ನು ತಂದು ಅತ್ತೆಯ ಕೈಗೆ ಕೊಟ್ಟ. ಅವಳು ಅದನ್ನು ಬೀಗರ ಮುಂದೆ ಇಟ್ಟು ಅರಿವೆ ಸರಿಸಿದಳು. ಕಟ್ಟಿನೊಳಗೆ ಪೂರ್ವದ ಅಂಚಿಗೆ ಬಂದು ನದಿ ಗಕ್ಕನೆ ನಿಂತಿತ್ತು. ಜಹೀರಾಬಾದು ಇರಲಿಲ್ಲ, ಝರಾಸಂಗಂ ಇರಲಿಲ್ಲ, ಅವ್ವನ ನಾರಾಯಣಖೇಡ ಇರಲಿಲ್ಲ. ಅತ್ತೆ ಅಪ್ಪನ ಕಡೆ ನೋಡಿದಳು, ಅಪ್ಪ ಜಮಖಾನೆಯ ಹೂವು ನೋಡುತ್ತಿದ್ದ.

“ಬರಾಬರ್ ಅದ,” ಎಂದರು ಗಂಡಿನ ತಂದೆ. “ಈಗ ಇದೇ ನಿಂದು ಮನಿ, ತಂಗಿ. ಅಕ್ಕಡೀದು ಇನ್ನು ಮರೀಬೇಕು.”

ನಿಶ್ಚಯದ ಹೊತ್ತಿನಲ್ಲಿ ಹೆಣ್ಣು ಬಾಯಿ ತೆರೆಯುವುದು ನಮ್ಮಲ್ಲಿ ಇರಲಿಲ್ಲ. ಶಾಂತಾ ಅತ್ತೆ ಕಟ್ಟನ್ನು ಎರಡೂ ಕೈಯಿಂದ ತಿರುಗಿಸಿ, ಗಂಡಿನ ಮುಂದೆ ನೆಲದ ಮೇಲೆ ಸರಿಸಿದಳು.

“ನಾ ಎಲ್ಲಿಂದ ಬರಾಕಿ, ಇದರಾಗ ನೀವಾರ ತೋರಸ್ರಿ.”

ಅವನು ನಕಾಶೆ ನೋಡಿದ, ಅಂಚಿನ ತನಕ ಅವನ ಕಣ್ಣು ಬಂದವು. ಅಲ್ಲಿಂದ ಅವನು ತನ್ನ ತಂದೆಯ ಮುಖ ನೋಡಿದ. ತಂದೆ ಗಂಟಲು ಸರಿಮಾಡಿಕೊಂಡರು, ಅವನು ತಲೆ ತಗ್ಗಿಸಿದ. ಅತ್ತೆ ಸ್ವಲ್ಪ ಹೊತ್ತು ಕಾದಳು. ಸಿಟ್ಟಿನಿಂದ ಅಲ್ಲ, ನಿಜವಾಗಿ ಉತ್ತರಕ್ಕಾಗಿಯೇ ಕಾದಳು, ಅದು ನನಗೆ ಅವಳ ಬೆನ್ನಿನಿಂದಲೇ ತಿಳಿಯುತ್ತಿತ್ತು. ಆಮೇಲೆ ಕಟ್ಟಿನ ಮೇಲೆ ಅರಿವೆ ಮುಚ್ಚಿದಳು.

“ಈ ಲಗ್ನ ನಂಗ ಬ್ಯಾಡ್ರಿ.”

ದೊಡ್ಡಪ್ಪ ಹಾರಿ ನಿಂತ.

“ಹುಚ್ಚು ಹಿಡದದೇನ? ಒಂದು ಕಾಗದಕ್ಕ ಸಂಬಂಧ ಮುರೀತೀಯಾ?”

“ಕಾಗದಕ್ಕಾಗೇ ನೀವು ಕತ್ತರಿ ತಗೊಂಡಿದ್ರಿ,” ಎಂದಳು ಅತ್ತೆ. “ಆಗ ಅದು ಸಣ್ಣದು ಅನಸ್ಲಿಲ್ಲಲ್ಲ.”

ಬೀಗರು ಹೋಳಿಗೆ ಮುಟ್ಟದೆ ಎದ್ದು ಹೋದರು. ಅಪ್ಪ ಅವರ ಹಿಂದೆ ಬಸ್ ನಿಲ್ದಾಣದ ತನಕ ಕೈ ಮುಗಿಯುತ್ತ ಹೋದ, ಅವ್ವ ಅವನನ್ನು ತಡೆಯಲೂ ಇಲ್ಲ, ಹೋಗು ಎಂದೂ ಅನ್ನಲಿಲ್ಲ. ಅವಳು ಹೋಳಿಗೆಗೆ ತುಪ್ಪ ಹಾಕಿ ಮೊದಲು ಅತ್ತೆಗೆ ಬಡಿಸಿದಳು. ನಮ್ಮ ಮನೆಯಲ್ಲಿ ಗಂಡಸರಿಗಿಂತ ಮುಂಚೆ ಒಬ್ಬ ಹೆಣ್ಣುಮಗಳು ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಾಲಾಗಿ ಕೂತು ನಾನೂ ಉಂಡೆ. ದೊಡ್ಡಪ್ಪ ಬಾಗಿಲಲ್ಲಿ ನಿಂತು ಮಾನ ಹೋಯಿತು, ಮರ್ಯಾದೆ ಹೋಯಿತು ಎಂದು ಒದರುತ್ತಿದ್ದ, ನಾವು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆವು. ಯಾರಾದರೂ ನನ್ನನ್ನು ಗಯ್ಯಾಳಿ, ಮಾತಿಗೆ ಮಾತು ಕೊಡುವವಳು ಎಂದರೆ ನಾನು ಆ ಊಟವನ್ನು ನೆನೆಯುತ್ತೇನೆ.

ಚಳವಳಿಯಿಂದಾಗಿ ಶಾಂತಾಳ ಲಗ್ನ ಮುರಿಯಿತು ಎಂದು ನಮ್ಮ ಬಳಗದವರು ಇಂದಿಗೂ ಹೇಳುತ್ತಾರೆ, ಪಾಪ ಆ ಕಾಲವೇ ಹಾಗಿತ್ತು ಎಂದು ಲೊಚಗುಟ್ಟುತ್ತಾರೆ. ಸುಳ್ಳು! ಆ ದಿನ ಬಂದ್ ಇರಲಿಲ್ಲ, ಬೀಗರು ಬಂದದ್ದೂ ಹೋದದ್ದೂ ಬಸ್ಸಿನಲ್ಲೇ. ಕಾಲದ ಮೇಲೆ ಹಾಕಿದರೆ ಯಾರ ಮೇಲೂ ಬರುವುದಿಲ್ಲ ಎಂದು ಗೊತ್ತಿದ್ದೇ ಹಾಗೆ ಹೇಳುತ್ತಾರೆ. ಅತ್ತೆ ಆಮೇಲೆ ತಾಂಡೂರಿನಲ್ಲಿ ಶಾಲೆಯ ಶಿಕ್ಷಕಿಯಾದಳು, ಮದುವೆಯಾಗಲಿಲ್ಲ. ನಾನು ದೊಡ್ಡವಳಾಗಿ, ನನ್ನ ಲಗ್ನದ ಮಾತು ನಡೆದಾಗ, ಅವತ್ತು ಆ ಭಾಲ್ಕಿಯ ಗಂಡು ಏನು ಮಾಡಬೇಕಿತ್ತು, ತಂದೆಯ ಜೊತೆ ಜಗಳವಾಡಬೇಕಿತ್ತೇನು ಎಂದು ಅವಳನ್ನು ಕೇಳಿದೆ. ಅತ್ತೆ ಮಕ್ಕಳ ಪಾಟಿ ತಿದ್ದುತ್ತಿದ್ದಳು, ತಲೆ ಎತ್ತಲಿಲ್ಲ.

“ಜಗಳ ಯಾಕ? ಕಟ್ಟಿನ ಹೊರಗ, ನೆಲದ ಮ್ಯಾಲ ಬೆರಳಿಟ್ಟು ಇಲ್ಲಿ ಅಂದಿದ್ರ ಸಾಕಿತ್ತವ್ವ. ಅಂವನ ಜೋಡಿ ಹೋಗ್ತಿದ್ದೆ.”